ವಾಲಿದ ಗಿಡದ ಬೆನ್ನು

ಎರಡು ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಮೂರನೆಯ ಸಲ ದಾರ ಸುತ್ತಿದರೂ ಗಂಟು ನಿಲ್ಲಲಿಲ್ಲ. ಕೈ ಬಿಟ್ಟ ಕೂಡಲೇ ಬೆರಳುಗಳು ಎಡಕ್ಕೊಂದು ಬಲಕ್ಕೊಂದು ಸರಿದು ದಾರ ಸಡಿಲವಾಗಿ ಬೀಳುತ್ತಿತ್ತು. ಸತ್ತವರ ಹೆಬ್ಬೆರಳು ಕಟ್ಟುವುದು ಯಾರಿಗಾದರೂ ಬರುವ ಕೆಲಸ. ಆದರೆ ಅಮಸಿದ್ದನ ಪಾದ ಎಲ್ಲರ ಪಾದದಂತಿರಲಿಲ್ಲ. ಏಳನೆಯ ವಯಸ್ಸಿನಿಂದ ಕುರಿಗಳಿಗೆ ತೊಪ್ಪಲು ಕಡಿಯಲೆಂದು ಬೇವು, ಜಾಲಿ, ಬನ್ನಿ ಎನ್ನದೆ ಕಂಡ ಮರವನ್ನೆಲ್ಲ ಏರಿದವನು ಅವನು. ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಸಂಗ ಬಿಟ್ಟು ದೂರ ನಿಂತುಬಿಟ್ಟಿತ್ತು. ಕೊನೆಗೆ ಹೆಂಡತಿ ಚಂದವ್ವ ಎಲ್ಲರನ್ನೂ ಸರಿಸಿ, ತನ್ನ ಸೀರೆಯ ಅಂಚು ಹರಿದು, ಎರಡೂ ಪಾದಗಳನ್ನು ಸೇರಿಸಿ ಬಿಗಿಯಾಗಿ ಕಟ್ಟಿದಳು.

ಎಪ್ಪತ್ತೇಳನೆಯ ಇಸವಿಯ ಮೇ ತಿಂಗಳು. ಕನ್ನೊಳ್ಳಿಯಲ್ಲಿ ಮುಂಜಾನೆ ಎಂಟಕ್ಕೇ ಮಾಳಿಗೆಯ ಮಣ್ಣು ಕಾಲು ಸುಡುತ್ತಿತ್ತು. ಹದಿನೈದು ದಿನ ಎದೆಯಲ್ಲಿ ಕಫ ಕಟ್ಟಿ, ಜ್ವರದಲ್ಲಿ ಬೆಂದು, ನಸುಕಿನಲ್ಲಿ ಹೋದ ಜೀವ. ವಯಸ್ಸು ನಲವತ್ತನಾಲ್ಕು. ಈ ಬಿಸಿಲಿನಲ್ಲಿ ಹೆಣವನ್ನು ಬಹಳ ಹೊತ್ತು ಇಡುವಂತಿರಲಿಲ್ಲ. ಓಣಿಯ ಸೋಮನಿಂಗ ಇನ್ನಿಬ್ಬರನ್ನು ಕರೆದುಕೊಂಡು ಕುಣಿ ತೋಡಲು ಆಗಲೇ ಹೋಗಿದ್ದ.

ಕುಲದ ಹಿರಿಯ ಗುರಣ್ಣ ಓಣಿಯ ಆ ತುದಿಯಿಂದ ತಲೆಯ ಮೇಲೆ ಟವೆಲು ಹಾಕಿಕೊಂಡು ಬಂದ. ಅವನ ನಡಿಗೆ ನೋಡಿದರೇ ಹೋದ ಕೆಲಸ ಆಗಿಲ್ಲವೆಂದು ಗೊತ್ತಾಗುತ್ತಿತ್ತು.

"ಏನಂದ್ಲು ನಮ್ಮವ್ವ?" ಚಂದವ್ವ ಕೇಳಿದಳು.

"ಮಣ್ಣಿಗೆ ಬರ್ತೇನಿ, ಮಣ್ಣ ಕೊಡೂದಿಲ್ಲ ಅಂದ್ಲು."

ಚಂದವ್ವನ ತಾಯಿ ಸುಂದರವ್ವ ಸತ್ತವನಿಗೆ ಅತ್ತೆಯಷ್ಟೇ ಅಲ್ಲ, ಸ್ವಂತ ಅಕ್ಕ. ಅಮಸಿದ್ದನನ್ನು ಹೆತ್ತ ಮೂರನೆಯ ದಿನಕ್ಕೆ ಅವರ ತಾಯಿ ತೀರಿಕೊಂಡಾಗ ಸುಂದರವ್ವನಿಗೆ ಹದಿನಾರು. ಕೂಸನ್ನು ಬಗಲಲ್ಲಿ ಹೊತ್ತುಕೊಂಡೇ ಕುರಿ ಕಾದಳು, ಕುರಿಯ ಹಾಲು ಕುಡಿಸಿಯೇ ಬೆಳೆಸಿದಳು. ಮುಂದೆ ತನ್ನ ಮಗಳನ್ನೇ ಅವನಿಗೆ ಕೊಟ್ಟಳು. ಅವನಿಗೆ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವನ ಕುಣಿಗೆ ಮೊದಲ ಹಿಡಿ ಮಣ್ಣು ರಕ್ತಸಂಬಂಧದ ಹಿರಿಯರದ್ದೇ ಆಗಬೇಕು. ಅದು ಬೀಳುವ ತನಕ ಬೇರೆ ಯಾರೂ ಮಣ್ಣು ಮುಟ್ಟುವಂತಿಲ್ಲ. ಈ ಕಟ್ಟಳೆ ಯಾರು ಮಾಡಿದ್ದೋ ಗುರಣ್ಣನಿಗೂ ತಿಳಿಯದು. ಮುರಿಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಸುಂದರವ್ವ ಕೈ ಎತ್ತದಿದ್ದರೆ ಕುಣಿ ಬಾಯಿ ತೆರೆದುಕೊಂಡೇ ಇರಬೇಕು.

ಅವಳು ತಮ್ಮನ ಹೊಸ್ತಿಲು ತುಳಿದು ಎರಡೂವರೆ ವರ್ಷವಾಗಿತ್ತು. ಅವಳ ಮಗ, ಚಂದವ್ವನ ತಮ್ಮ ರೇವಣಪ್ಪ, ಘಟ್ಟದ ಕಾಡಿನಲ್ಲಿ ಮರದಿಂದ ಬಿದ್ದು ಸತ್ತ ದಿನದಿಂದ.

"ಇನ್ನೇನ ಹೇಳಿದ್ಲು?"

ಗುರಣ್ಣ ತಲೆಯ ಟವೆಲು ತೆಗೆದು ಮುಖ ಒರೆಸಿಕೊಂಡ. "ನನ್ನ ಮಗನ ಕುಣಿ ಯಾವ ಕಡೀಗೈತಿ ಅಂತ ನನಗ ಗೊತ್ತಿಲ್ಲ. ಅವಗ ನಾ ಮಣ್ಣ ಕೊಟ್ಟಿಲ್ಲ, ಇವಗ್ಯಾಕ ಕೊಡಲಿ ಅಂದ್ಲು."

ಚಂದವ್ವ ಅಳಲಿಲ್ಲ. ಮಧ್ಯಾಹ್ನದ ಬಸ್ಸಿನ ತನಕ ತಡೆಯಬೇಕೆಂದು ಕೇಳಿದಳು. ನಸುಕಿನ ಮೊದಲ ಬಸ್ಸಿನ ಕಂಡಕ್ಟರ್ ಮೋದಿನಸಾಬನ ಕೈಯಲ್ಲಿ ದೇವರ ಹಿಪ್ಪರಗಿಯ ಬಸಂತರಾಯರಿಗೆ ಹೇಳಿ ಕಳಿಸಿದ್ದಳು. ಅಮಸಿದ್ದ ಸತ್ತಿದ್ದಾನೆ, ಮಣ್ಣಿಗೆ ಬರಲೇಬೇಕು ಎಂದು.

ಗುರಣ್ಣನಿಗೆ ಸಿಟ್ಟು ಬಂತು. ಇಲ್ಲಿ ಅಕ್ಕನೇ ಮಣ್ಣು ಕೊಡುವುದಿಲ್ಲ ಎನ್ನುತ್ತಿರುವಾಗ ಹಿಪ್ಪರಗಿಯ ಜಮೀನುದಾರರ ಮಗ ಬಂದು ಏನು ಮಾಡುವವರು ಎಂದ.

"ನಮ್ಮವ್ವನ ಕೂಡ ಅವರು ಒಂದ ಮಾತ ಆಡೂದೈತಿ ಕಾಕಾ," ಎಂದಳು ಚಂದವ್ವ. "ಅದನ್ನ ಅವರ ಆಡಬೇಕು. ನಾ ಆಡಿದ್ರ ಅಕಿ ನಂಬೂದಿಲ್ಲ."

* * *

ಬಸಂತರಾಯರು ವಿಜಾಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಡಾಕ್ಟರೇಟಿಗೆ ಅವರು ಆರಿಸಿಕೊಂಡ ವಿಷಯ ಕೇಳಿ ಅವರ ತಂದೆ ತಾಟಿನ ಮುಂದೆ ಕೂತಲ್ಲೇ ನಕ್ಕಿದ್ದರಂತೆ. ಘಟ್ಟದ ಮಳೆಕಾಡಿನಲ್ಲಿ ಮರಗಳ ಮೇಲೆ ಹಾವಸೆ ಎಲ್ಲಿ ಬೆಳೆಯುತ್ತದೆ, ಎಲ್ಲಿ ಬೆಳೆಯುವುದಿಲ್ಲ, ಯಾಕೆ ಎಂಬುದು ವಿಷಯ. ನಮ್ಮ ಹೊಲದಲ್ಲಿ ಜೋಳ ಯಾಕೆ ಬೆಳೆಯುತ್ತಿಲ್ಲ ನೋಡು ಮೊದಲು ಎಂದರಂತೆ ತಂದೆ. ನಗುವಂಥ ಮಾತೇ. ಕನ್ನೊಳ್ಳಿ, ಹಿಪ್ಪರಗಿಯವರಿಗೆ ಹಾವಸೆಯೆಂದರೆ ಬಾವಿಯ ಮೆಟ್ಟಿಲ ಮೇಲಿನ ಹಸಿರು ಜಾರಿಕೆ. ಕೊಡ ಹೊತ್ತ ಹೆಂಗಸರು ಬೈದುಕೊಂಡು ದಾಟುವ ವಸ್ತು. ಅದಕ್ಕೂ ಒಂದು ಪದವಿ ಇರುತ್ತದೆಂದು ಯಾರಿಗೆ ಗೊತ್ತಿತ್ತು.

ಕಾಡಿನ ಮರ ಏರಲು ರಾಯರಿಗೆ ಒಬ್ಬ ಆಳು ಬೇಕಿತ್ತು. ಬೇಸಿಗೆಯಲ್ಲಿ ತಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಲು ಬರುತ್ತಿದ್ದ ಅಮಸಿದ್ದ ಕೋತಿಯ ಹಾಗೆ ಬೇವು ಏರುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದರು. ಎಪ್ಪತ್ತೆರಡರಿಂದ ಮೂರು ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ ಒಂದೂವರೆ ತಿಂಗಳು, ಅವನನ್ನು ಕರೆದುಕೊಂಡು ಹೋದರು. ಅಷ್ಟು ದಿನ ಕುರಿಗಳನ್ನು ಚಂದವ್ವ ನೋಡಿಕೊಂಡಳು.

ಮೊದಲ ವಾರ ಅಮಸಿದ್ದನಿಗೆ ಆ ಕಾಡು ಕಂಡರೆ ಹೆದರಿಕೆಯಾಗುತ್ತಿತ್ತು. ಬಿಸಿಲು ನೆಲಕ್ಕೆ ಇಳಿಯುತ್ತಲೇ ಇರಲಿಲ್ಲ. ಹೊದ್ದ ಕಂಬಳಿ ಮೂರು ದಿನಕ್ಕೂ ಆರುತ್ತಿರಲಿಲ್ಲ. ಒಂದೊಂದು ಮರ ಹತ್ತು ಹನ್ನೆರಡು ಆಳು ಎತ್ತರ. ಆಳೆತ್ತರಕ್ಕೊಂದು ಗಂಟು ಹಾಕಿದ ಹಗ್ಗ ಹಿಡಿದು ಅವನು ಏರಬೇಕು. ಪ್ರತಿ ಗಂಟಿಗೆ ನಿಂತು, ಚೌಕಾಬಾರದ ಮನೆಗಳಂತೆ ಹೆಣೆದ ತಂತಿಯ ಚೌಕಟ್ಟನ್ನು ತೊಗಟೆಗೆ ಒತ್ತಿ, ಅದರೊಳಗೆ ಹಾವಸೆ ಎಷ್ಟು ಮನೆ ತುಂಬಿದೆ ಎಂದು ಕೂಗಿ ಹೇಳಬೇಕು. ಒಂದು ಚೂರು ಕಿತ್ತು ಕಾಗದದ ಪೊಟ್ಟಣಕ್ಕೆ ಹಾಕಿ ಕೆಳಗಿಳಿಸಬೇಕು. ರಾಯರು ಕೆಳಗೆ ಕೊಡೆ ಹಿಡಿದು ಕೂತು ಬರೆದುಕೊಳ್ಳುತ್ತಿದ್ದರು.

ಹಾವಸೆ ಮರದ ಬಡಗಣ ಮಗ್ಗುಲಿಗೆ ಬೆಳೆಯುತ್ತದೆಂದು ರಾಯರ ಪುಸ್ತಕವೊಂದು ಹೇಳುತ್ತಿತ್ತು. ಅವರು ದಿಕ್ಸೂಚಿ ಹಿಡಿದು ಇಪ್ಪತ್ತು ದಿನ ಲೆಕ್ಕ ಹಾಕಿದರೂ ತಾಳೆ ಬೀಳಲಿಲ್ಲ. ಒಂದು ಸಂಜೆ ಗುಡಿಸಲಿನಲ್ಲಿ ಒದ್ದೆ ಕಟ್ಟಿಗೆಗೆ ಊದುತ್ತ ಅಮಸಿದ್ದ ಹೇಳಿದ: "ಅದು ದಿಕ್ಕ ನೋಡೂದಿಲ್ರಿ ರಾಯರ. ನೀರ ನೋಡ್ತೈತಿ."

ಮಳೆ ನೀರು ತೊಗಟೆಯ ಮೇಲೆ ಯಾವ ದಾರಿಯಲ್ಲಿ ಇಳಿಯುತ್ತದೋ ಆ ದಾರಿಯಲ್ಲೇ ಅದು ಬೆಳೆಯುತ್ತದೆ ಎಂದು ಅವನು ತೋರಿಸಿಕೊಟ್ಟ. ಒರಟು ತೊಗಟೆಯಲ್ಲಿ ನಿಲ್ಲುತ್ತದೆ, ಪೊರೆ ಬಿಡುವ ನುಣುಪು ತೊಗಟೆಯಲ್ಲಿ ನಿಲ್ಲುವುದಿಲ್ಲ. ಬುಡದಲ್ಲಿ ದಪ್ಪ, ನಡುವೆ ತೆಳು. ಮತ್ತೆ ಮೇಲೆ, ಮಂಜು ಬಂದು ತಾಗುವ ಟೊಂಗೆಗಳಲ್ಲಿ ಬೇರೆ ಜಾತಿಯದೇ ಜೋತು ಬಿದ್ದಿರುತ್ತದೆ. ಎಲ್ಲಕ್ಕಿಂತ ಹೆಚ್ಚು ವಾಲಿದ ಮರದ ಬೆನ್ನಿನ ಮೇಲೆ. ಮೇಲಿಂದ ಬೀಳುವ ನೀರೆಲ್ಲ ಬೆನ್ನಿಗೇ ಬೀಳುವುದು, ಹೊಟ್ಟೆಯ ಕಡೆ ಒಣಗಿರುವುದು. ರಾಯರು ಆ ಸಂಜೆ ಕಂದೀಲು ಹತ್ತಿರ ಎಳೆದುಕೊಂಡು ನಾಲ್ಕು ಪುಟ ಬರೆದರು.

ಬೆನ್ನಿನ ವಿಷಯ ಅಮಸಿದ್ದನಿಗೆ ಮೈಮೇಲಿನ ಗಾಯದಿಂದ ಗೊತ್ತಾದದ್ದು. ನಮ್ಮ ಕಡೆ ವಾಲಿದ ಮರವನ್ನು ಎಲ್ಲರೂ ಬೆನ್ನಿನಿಂದಲೇ ಏರುತ್ತಾರೆ. ಆಡು ಕೂಡ ಹಾಗೇ ಏರುತ್ತದೆ. ಒಣಗಿದ ತೊಗಟೆ, ಓಣಿಯಲ್ಲಿ ನಡೆದ ಹಾಗೆ ನಡೆದು ಹೋಗಬಹುದು. ಅಮಸಿದ್ದ ಮೊದಲ ದಿನ ಹಾಗೇ ಏರಿ ಎರಡಾಳು ಎತ್ತರದಿಂದ ಜಾರಿ ಎದೆಯ ಚರ್ಮ ಕಿತ್ತುಕೊಂಡಿದ್ದ. ಅಂದಿನಿಂದ ಕುಡುಗೋಲಿನಿಂದ ಹೆಜ್ಜೆ ಇಡುವಷ್ಟು ಹಾವಸೆ ಸುಲಿದು, ತೊಗಟೆ ಕಂಡ ಮೇಲೇ ಕಾಲಿಡುತ್ತಿದ್ದ.

ಅದೇ ರಾಯರಿಗೆ ಬೇಡವಾದದ್ದು. ಸುಲಿದ ಜಾಗದಲ್ಲಿ ಎಣಿಸಲು ಏನೂ ಉಳಿಯುತ್ತಿರಲಿಲ್ಲ. ಹೊಟ್ಟೆಯ ಕಡೆಯಿಂದ ಹಗ್ಗ ಹಾಕಿ ಏರು ಎಂದು ಅವರು ಎರಡು ವರ್ಷ ಹೇಳಿದರು. ಅವನು ಹೂಂ ಎಂದು, ಕಣ್ಣು ತಪ್ಪಿಸಿ ಸುಲಿಯುತ್ತಲೇ ಇದ್ದ. ಮೂರನೆಯ ವರ್ಷ ಹಗ್ಗ ಹಿಡಿಯಲೆಂದು ರೇವಣಪ್ಪನನ್ನೂ ಕರೆದುಕೊಂಡು ಹೋಗಿದ್ದ. ಇಪ್ಪತ್ತೆರಡರ ಹುಡುಗ, ಮದುವೆ ಗೊತ್ತಾಗಿತ್ತು. ಒಂದು ದಿನ ಹೊಸದಾಗಿ ಸುಲಿದ ಗುರುತುಗಳನ್ನು ರಾಯರು ಸ್ವತಃ ಕಂಡರು. ಸಿಟ್ಟಿನಲ್ಲಿ ಇಬ್ಬರ ಕುಡುಗೋಲನ್ನೂ ಇಸಿದುಕೊಂಡು ತಮ್ಮ ತಗಡಿನ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದರು. ಮಾರನೆಯ ದಿನ ಅಮಸಿದ್ದನಿಗೆ ಜ್ವರ. ರಾಯರ ರಜೆ ಮೂರು ದಿನ ಉಳಿದಿತ್ತು, ಹಳ್ಳದ ಮೇಲೆ ವಾಲಿದ ಒಂದೇ ಮರ ಬಾಕಿ. ಸುಲಿಯದೆ ಬೆನ್ನು ಏರಬೇಡವೆಂದು ಅಮಸಿದ್ದ ಮಲಗಿದಲ್ಲಿಂದಲೇ ಅಳಿಯನಿಗೆ ಎರಡು ಸಲ ಹೇಳಿದ. ಸುಲಿಯುವುದು ಯಾವುದರಿಂದ. ಹೊಟ್ಟೆಯ ಕಡೆಯಿಂದ ಹಗ್ಗ ಹಾಕಿ ಏರುವುದು ಹುಡುಗನಿಗೆ ಬರುತ್ತಿರಲಿಲ್ಲ. ಎಚ್ಚರದಿಂದ ಹೋಗುತ್ತೇನೆ ಮಾವ ಎಂದು ರೇವಣಪ್ಪ ಹೊರಟ. ಆರನೆಯ ಗಂಟಿನ ತನಕ ಏರಿದ್ದ. ಕೆಳಗೆ ಹಳ್ಳದಲ್ಲಿ ಬರೀ ಬಂಡೆ.

ಕಾಡಿನ ಗಾರ್ಡು ಬರುವುದಕ್ಕೆ ಮೊದಲು ಬಸಂತರಾಯರು ಅಮಸಿದ್ದನ ಎರಡೂ ಕಾಲು ಹಿಡಿದುಕೊಂಡರು. ಕೆಲಸ ಹೋಗುತ್ತದೆ, ಮೂರು ವರ್ಷದ ಓದು ಹೋಗುತ್ತದೆ ಎಂದರು. ಡಾಕ್ಟರೇಟಿನ ಪುಸ್ತಕ ಮುಗಿದ ತಕ್ಷಣ ನಾನೇ ಕನ್ನೊಳ್ಳಿಗೆ ಬಂದು ಸುಂದರವ್ವನ ಮುಂದೆ ಎಲ್ಲ ಹೇಳುತ್ತೇನೆ, ಅಲ್ಲಿಯ ತನಕ ಹೇಳಬೇಡ ಎಂದರು. ಧಣಿಯ ಮನೆಯವರು ಕಾಲು ಹಿಡಿಯುವುದನ್ನು ಅಮಸಿದ್ದ ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಅದನ್ನು ತಾಳಿಕೊಳ್ಳುವುದು ಅವನಿಂದ ಆಗಲಿಲ್ಲ. ಸೊಂಟದ ಚೀಲದಲ್ಲಿದ್ದ ಅರಿಸಿನದ ಪುಡಿ, ದೇವರ ಭಂಡಾರ, ಮುಟ್ಟಿ ಮಾತು ಕೊಟ್ಟುಬಿಟ್ಟ. ಭಂಡಾರ ಮುಟ್ಟಿ ಆಡಿದ ಮಾತನ್ನು ಹಾಲುಮತದ ಕುರುಬನು ಪ್ರಾಣ ಹೋದರೂ ಮುರಿಯುವುದಿಲ್ಲ. ಈ ಮಾತು ರಾಯರಿಗೂ ಚೆನ್ನಾಗಿ ಗೊತ್ತಿತ್ತು.

* * *

ತಡವಾಗಿ ಬಂದ ಮಧ್ಯಾಹ್ನದ ಬಸ್ಸಿನಿಂದ ಬಸಂತರಾಯರು ಇಳಿದರು. ಬರುವುದಿಲ್ಲವೆಂದೇ ಚಂದವ್ವ ಗಟ್ಟಿ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಹೆಣವನ್ನು ಕಂಬಳಿಯಲ್ಲಿ ಸುತ್ತಿ, ಭಂಡಾರ ಹಾರಿಸಿ, ಡೊಳ್ಳಿನವರನ್ನು ಮುಂದೆ ಮಾಡಿ ಹೊಲದ ದಾರಿ ಹಿಡಿದಾಗಿತ್ತು. ರಾಯರು ಬಿಳಿ ಅಂಗಿ, ಕಪ್ಪು ಕನ್ನಡಕದಲ್ಲಿ ಗುಂಪಿನ ಹಿಂದೆ ಬಂದು ಸೇರಿಕೊಂಡರು. ಅವರಿಗೆ ದಾರಿ ಬಿಟ್ಟು ಜನ ಬದಿಗೆ ಸರಿದರು. ಈಗ ಡಾಕ್ಟರ್ ಬಸಂತರಾಯ ಎಂದು ಯಾರೋ ಪಿಸುಗುಟ್ಟಿದರೆ, ಹಂಗಿದ್ರ ಎರಡು ದಿನ ಮೊದಲ ಬಂದು ಸೂಜಿ ಚುಚ್ಚಬೇಕಿತ್ತು ಎಂದು ಇನ್ಯಾರೋ ಅಂದರು.

ಮಣ್ಣು ಮಾಡುವ ಜಾಗದ ಅಂಚಿನಲ್ಲಿ ಒಂದು ಬೇವಿನ ಮರವಿತ್ತು. ಸುಂದರವ್ವ ಎಲ್ಲರಿಗಿಂತ ಮೊದಲೇ ಬಂದು ಅದರ ಬುಡದಲ್ಲಿ ಕೂತಿದ್ದಳು. ಬರಿಗಾಲು, ತಲೆಯ ತುಂಬ ಸೆರಗು. ಹೆಣ ಮುಂದಿನಿಂದ ಹೋದಾಗ ಮುಖ ತಿರುಗಿಸಲಿಲ್ಲ, ಎದ್ದು ನಿಲ್ಲಲೂ ಇಲ್ಲ. ಸುಮ್ಮನೆ ನೋಡಿದಳು.

ಸೊಂಟದ ತನಕ ಕರಿಮಣ್ಣು, ಆಮೇಲೆ ಗಟ್ಟಿ ಗರಸು ಸಿಕ್ಕು ಸೋಮನಿಂಗನ ಕಡೆಯವರು ಸೋತುಹೋಗಿದ್ದರು. ಹೆಣ ಇಳಿಸಿದರು. ಎಲ್ಲರೂ ಬೇವಿನ ಕಡೆ ನೋಡಿದರು. ಗುರಣ್ಣ ಕೂಗಿ ಕರೆದ. ಸುಂದರವ್ವ ತಲೆ ಅಲ್ಲಾಡಿಸಿದಳು. ಡೊಳ್ಳು ನಿಂತಿತು. ನೆತ್ತಿಯ ಮೇಲಿನ ಬಿಸಿಲು ನೇರವಾಗಿ ಕುಣಿಯೊಳಗೇ ಬೀಳುತ್ತಿತ್ತು.

ಚಂದವ್ವ ರಾಯರ ಎದುರು ಬಂದು ನಿಂತಳು. ಆಕೆ ಅವರೊಂದಿಗೆ ಮಾತಾಡಿದ್ದು ಅದೇ ಮೊದಲು.

"ನಿಮಗ ಹೇಳಿ ಕಳಿಸಿದ್ದು ನಾನ್ರಿ. ಅವರಲ್ಲ. ಅವರು ಮಾತ ಮುರೀಲಿಲ್ಲ."

ರಾಯರು ಕನ್ನಡಕ ತೆಗೆದರು. ಹಾಗಾದರೆ ನಿನಗೆ ಹೇಗೆ ಗೊತ್ತು ಎಂದು ಕೇಳಿದರು.

"ಜ್ವರದಾಗ ಬಡಬಡಿಸಿದ್ರು. ಕುಡಗೋಲ ಕೊಡ್ರಿ ರಾಯರ, ಹುಡುಗ ಏರಾಕತ್ತಾನ ಅಂತ. ಎರಡ ದಿನ ಅದನ್ನ ಅಂದ್ರು. ನಿಮ್ಮ ಕಾಲಿಗೆ ಬೀಳ್ತೇನಿ ಅಂದ್ರು," ಎಂದಳು ಚಂದವ್ವ. "ಈಗ ನೀವು ಹೇಳ್ರಿ. ನಮ್ಮವ್ವ ಅಲ್ಲಿ ಕುಂತಾಳ."

* * *

ರೇವಣಪ್ಪ ಸತ್ತ ವರ್ಷ, ದೀಪಾವಳಿಯ ಮರುದಿನ ಅಮಸಿದ್ದ ಒಬ್ಬನೇ ಊರಿಗೆ ಬಂದಿದ್ದ. ಅಷ್ಟು ದೂರದಿಂದ ಹೆಣ ತರಲಾಗದೆ ಅಲ್ಲೇ ಕೆಂಪು ಮಣ್ಣಿನಲ್ಲಿ ಹೂಳಿ ಬಂದಿದ್ದರು. ಅಕ್ಕನ ಅಂಗಳದಲ್ಲಿ ನಿಂತು ಅವನು ಹೇಳಿದ್ದು ಇಷ್ಟೇ: ಹಾವಸಿ ಸುಲಿದು ಕಾಲಿಡು ಅಂತ ಹೇಳಾಕ ನಾ ಮರ್ತೆ ಅಕ್ಕಾ.

ಸುಂದರವ್ವ ಎದೆ ಬಡಿದುಕೊಳ್ಳಲಿಲ್ಲ. ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. ಮರೆತೆ ಎಂಬ ಮಾತು ಅವಳಿಗೆ ಅರ್ಥವಾಗಲಿಲ್ಲ. ಕುರಿ ಎಣಿಸುವಾಗ ಒಂದನ್ನೂ ಮರೆಯದವನು ನನ್ನ ಮಗನಿಗೆ ಹೇಳುವುದನ್ನು ಹೇಗೆ ಮರೆತೆ ಎಂದು ಒಂದೇ ಸಲ ಕೇಳಿದಳು. ಅವನು ತಲೆ ತಗ್ಗಿಸಿದ. ಅವಳು ಬಾಗಿಲು ಹಾಕಿಕೊಂಡಳು. ಮದುವೆಗೆಂದು ನೇಯಿಸಿಟ್ಟಿದ್ದ ಹೊಸ ಕಂಬಳಿಯನ್ನು ಮರುದಿನ ಬೀದಿಯಲ್ಲಿ ಹೋಗುತ್ತಿದ್ದ ಭಿಕ್ಷುಕನಿಗೆ ಕೊಟ್ಟುಬಿಟ್ಟಳು.

ಆಮೇಲೆ ಅಮಸಿದ್ದ ಮರ ಏರುವುದು ಬಿಟ್ಟ. ಉದ್ದನೆಯ ಕೋಲಿಗೆ ಕುಡುಗೋಲು ಕಟ್ಟಿ ನೆಲದಲ್ಲೇ ನಿಂತು ತೊಪ್ಪಲು ಎಳೆಯುತ್ತಿದ್ದ. ಮುದುಕರು, ಹೆಂಗಸರು ಮಾಡುವ ಕೆಲಸ ಎಂದು ಓರಗೆಯವರು ಕಾಡಿಸುತ್ತಿದ್ದರು. ದಿನಾ ಒಂದು ಹೊರೆ ತೊಪ್ಪಲನ್ನು ಅಕ್ಕನ ಆಡಿನ ಹಟ್ಟಿಯ ಮುಂದೆ ಇಟ್ಟು ಹೋಗುತ್ತಿದ್ದ. ಸುಂದರವ್ವ ಅದನ್ನು ದಾರಿಗೆ ಎಸೆಯುತ್ತಿದ್ದಳು. ಓಣಿಯ ದನಗಳಿಗೆ ಅಷ್ಟು ದಿನ ಸುಗ್ಗಿ. ಕಾಲೇಜಿಗೆ ರಜೆ ಬಿಟ್ಟ ಪ್ರತಿ ಸೂಟಿಗೂ ರಾಯರು ಹಿಪ್ಪರಗಿಗೆ ಬಂದ ಸುದ್ದಿ ಮೋದಿನಸಾಬನಿಂದ ತಿಳಿಯುತ್ತಿತ್ತು. ಈ ಸೂಟಿಗೆ ಇಲ್ಲಿಗೆ ಬರ್ತಾರ ಎಂದು ಅಮಸಿದ್ದ ಹೆಂಡತಿಗೆ ಹೇಳುತ್ತಿದ್ದ, ಯಾಕೆ ಬರುತ್ತಾರೆಂದು ಮಾತ್ರ ಹೇಳುತ್ತಿರಲಿಲ್ಲ. ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಕುರಿಗಳನ್ನು ರಸ್ತೆಯ ಬದಿಗೇ ಹೊಡೆದುಕೊಂಡು ಬರುತ್ತಿದ್ದ. ಹೋದ ವರ್ಷ ರಾಯರಿಗೆ ಡಾಕ್ಟರೇಟ್ ಸಿಕ್ಕಿತೆಂದು ಅವರ ಮನೆಯಿಂದ ಪೇಡೆಯ ಡಬ್ಬಿ ಬಂತು. ರಾಯರು ಬರಲಿಲ್ಲ. ಅಮಸಿದ್ದ ಡಬ್ಬಿ ಬಿಚ್ಚದೆ ಹಾಗೇ ತಿರುಗಿ ಕಳಿಸಿದ. ಆ ದಿನದಿಂದ ಬಸ್ಸಿನ ಹೊತ್ತಿಗೆ ರಸ್ತೆಯ ಕಡೆ ಹೋಗುವುದನ್ನೂ ಬಿಟ್ಟ.

ಇವತ್ತು ನಸುಕಿನಲ್ಲಿ, ಗಂಡನ ಕಣ್ಣು ಮುಚ್ಚಿದ ಕೂಡಲೇ, ಚಂದವ್ವ ತಾಯಿಯ ಬಾಗಿಲಿಗೆ ಹೋಗಿ ತಾನು ಕೇಳಿಸಿಕೊಂಡದ್ದನ್ನೆಲ್ಲ ಹೇಳಿದ್ದಳು. ಸುಂದರವ್ವ ಬಾಗಿಲು ಪೂರ್ತಿ ತೆಗೆಯದೆ ಉತ್ತರ ಕೊಟ್ಟಳು: "ಗಂಡ ಸತ್ತ ಮ್ಯಾಲ ಹೇಣ್ತಿ ಇನ್ನೇನ ಹೇಳ್ತಾಳ. ಮರ್ತೆ ಅಂತ ಅಂವ ತನ್ನ ಬಾಯಿಲೆ ಹೇಳ್ಯಾನ ನನಗ."

* * *

ಬಸಂತರಾಯರು ಬೇವಿನ ಮರದ ಕಡೆ ನಡೆದರು. ಗುಂಪಿನಿಂದ ಅಲ್ಲಿಗೆ ನಲವತ್ತು ಹೆಜ್ಜೆ ಇರಬಹುದು. ಚಂದವ್ವ ಸ್ವಲ್ಪ ಹಿಂದೆ ಬಂದು ನಿಂತಳು.

ರಾಯರು ಮುದುಕಿಯ ಎದುರು ಮೊಣಕಾಲೂರಿ ಕೂತರು. ಯವ್ವಾ ಎಂದು ಶುರು ಮಾಡಿದರು. ತಪ್ಪಾಯಿತು ಎಂದು ಹೇಳಲಿಕ್ಕೇ ಬಂದಿದ್ದರು, ಅದರಲ್ಲಿ ಸುಳ್ಳಿಲ್ಲ. ಆದರೆ ಬಾಯಿಂದ ಬಂದದ್ದು ಬೇರೆ. ಆ ಕಾಡು ಹೇಗಿರುತ್ತದೆ ಎಂದು ಹೇಳಿದರು. ನಾಲ್ಕು ತಿಂಗಳು ಬಿಡದ ಮಳೆ, ಮಂಜು. ಮರಗಳ ಮೇಲೆ ಹಾವಸೆ ಹೇಗೆ ಬೆಳೆಯುತ್ತದೆ, ಒರಟು ತೊಗಟೆಗೂ ನುಣುಪು ತೊಗಟೆಗೂ ಏನು ಭೇದ, ಬುಡಕ್ಕೂ ತುದಿಗೂ ಏನು ಭೇದ ಎಂದು ಹೇಳಿದರು. ಕ್ಲಾಸಿನಲ್ಲಿ ಹತ್ತು ಸಲ ಹೇಳಿದ ಮಾತು, ತಡೆಯಿಲ್ಲದೆ ಬರುತ್ತಿತ್ತು. ವಾಲಿದ ಮರದ ಬೆನ್ನಿಗೆ ನೀರು ಬೀಳುತ್ತದೆ, ಹೊಟ್ಟೆ ಒಣಗಿರುತ್ತದೆ, ಆದ್ದರಿಂದ ಹಾವಸೆಯೆಲ್ಲ ಬೆನ್ನಿನ ಮೇಲೆ ಎಂದು ರಾಯರು ತಮ್ಮ ಮುಂಗೈ ವಾಲಿಸಿ ತೋರಿಸಿದಾಗ ಅವಳು ಕೈ ಎತ್ತಿ ತಡೆದಳು.

"ನನ್ನ ಮಗ ಬೆನ್ನ ಮ್ಯಾಲಿಂದ ಏರಿದ್ನ?"

ಹೌದು ಎಂದರು ರಾಯರು.

"ಏರದ ಇನ್ನೇನ. ನಾನ ಕಲಿಸೇನಿ ಅವಗ ಹಂಗ ಏರ್ಬೇಕಂತ." ಮುದುಕಿ ಸೆರಗು ಮುಂದಕ್ಕೆ ಎಳೆದುಕೊಂಡಳು. "ಸುಲಿದು ಏರ್ಬೇಕಿತ್ತು. ಅದನ್ನ ನನ್ನ ತಮ್ಮ ಹೇಳಾಕ ಮರ್ತ."

ರಾಯರು ಅವಳ ಪಾದಗಳನ್ನು ನೋಡುತ್ತ ಕೂತರು. ಹಾಗೇ ಬಿಟ್ಟಿದ್ದರೂ ನಡೆಯುತ್ತಿತ್ತು. ಚಂದವ್ವನ ಮಾತು ಯಾರು ನಂಬುತ್ತಿದ್ದರು.

"ಅಂವ ಮರ್ತಿರಲಿಲ್ಲ," ಎಂದರು.

"ಮತ್ತ?"

"ಕುಡಗೋಲು ನನ್ನ ಪೆಟ್ಟಿಗ್ಯಾಗ ಇದ್ವು. ಬೀಗ ಹಾಕಿದ್ದೆ."

"ಯಾಕ?"

"ಸುಲಿದ್ರ ಹಾವಸಿ ಕೆಡ್ತಿತ್ತು."

ಮುದುಕಿಗೆ ಆ ಮಾತು ಕೇಳಿಸಿತು, ಹಿಡಿಯಲು ಸಿಗಲಿಲ್ಲ. ಬಾವಿಯ ಮೆಟ್ಟಿಲಿನ ಹಾವಸೆಯನ್ನು ಆಕೆ ಐವತ್ತು ವರ್ಷ ಕಲ್ಲಿನಿಂದ ಕೆರೆದು ಹಾಕಿದವಳು. ಅದು ಕೆಟ್ಟಿತೆಂದು ಯಾರೂ ಅತ್ತದ್ದನ್ನು ಕಂಡಿರಲಿಲ್ಲ.

"ಕೆಟ್ರ ಏನಾಕ್ಕಿತ್ರಿ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು.

ರಾಯರು ಕೈಯಲ್ಲಿದ್ದ ಕನ್ನಡಕ ಮಡಚಿದರು.

"ನನ್ನ ಲೆಕ್ಕ ತಪ್ತಿತ್ತು," ಎಂದರು.

ಸುಂದರವ್ವ ಬೇವಿನ ಬುಡಕ್ಕೆ ಕೈ ಊರಿ ಎದ್ದಳು. ಚಂದವ್ವ ಆಸರೆ ಕೊಡಲು ಹೋದರೆ ಅವಳ ಕೈ ಸರಿಸಿ ಕುಣಿಯ ತನಕ ಒಬ್ಬಳೇ ನಡೆದಳು. ಜನ ದಾರಿ ಬಿಟ್ಟರು. ಮೇಲಿನಿಂದ ಮಣ್ಣು ಹಾಕುತ್ತಾಳೆಂದು ಎಲ್ಲರೂ ತಿಳಿದರೆ, ಅವಳು ಒಂದು ಹಿಡಿ ಮಣ್ಣು ತೆಗೆದುಕೊಂಡು, ನನ್ನನ್ನು ಒಳಗೆ ಇಳಿಸು ಎಂದು ಸೋಮನಿಂಗನಿಗೆ ಹೇಳಿದಳು. ಅವನು ಗುರಣ್ಣನ ಮುಖ ನೋಡಿದ. ಹೀಗೆ ಇಳಿದವರು ಹಿಂದೆ ಯಾರೂ ಇರಲಿಲ್ಲ. ಗುರಣ್ಣ ಬೇಡವೆನ್ನಲಿಲ್ಲ.

ಇಬ್ಬರು ರಟ್ಟೆ ಹಿಡಿದು ಇಳಿಸಿದರು. ಅವಳು ಕಂಬಳಿಯ ಅಂಚು ಸರಿಸಿ ತಮ್ಮನ ಮುಖ ನೋಡಿದಳು. ಎರಡೂವರೆ ವರ್ಷ ನೋಡದ ಮುಖ. ಗಡ್ಡ ಬೆಳ್ಳಗಾಗಿತ್ತು, ಗಲ್ಲ ಒಳಗೆ ಹೋಗಿತ್ತು. ಮಣ್ಣನ್ನು ಎದೆಯ ಮೇಲೆ ಸುರಿಯಲಿಲ್ಲ. ಕೂಸಿನ ಎದೆಗೆ ಎಣ್ಣೆ ಸವರಿದ ಹಾಗೆ ಅಂಗೈಯಿಂದ ಸವರಿ ಇಟ್ಟಳು.

"ಒಂದ ಮಾತ ಹೇಳಾಕ ಬರ್ತಿರಲಿಲ್ಲೇನೋ," ಎಂದಳು. "ನನಗ ಹೇಳಾಕ ಬರ್ತಿರಲಿಲ್ಲೇನೋ."

ಮೇಲೆ ನಿಂತ ಹೆಂಗಸರು ಆಗ ಅತ್ತರು. ಚಂದವ್ವ ಬೆಳಗಿನಿಂದ ತಡೆದದ್ದು ಒಮ್ಮೆಲೇ ಒಡೆದು, ಕುಣಿಯ ಅಂಚಿನಲ್ಲೇ ಕುಸಿದು ಕೂತಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಅದು ಎರಡು ದಿನ ಮೊದಲು ಸಿಕ್ಕಿದ್ದರೆ ಕೇಳಿಸಿಕೊಳ್ಳಬೇಕಾದವನಿಗೆ ಕಿವಿ ಇರುತ್ತಿತ್ತು.

ಸುಂದರವ್ವನನ್ನು ಮೇಲೆತ್ತಿದರು. ಆಮೇಲೆ ಗುರಣ್ಣ, ಸೋಮನಿಂಗ, ಓಣಿಯವರು, ಡೊಳ್ಳಿನವರು ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ಎಲ್ಲರ ಹಿಂದೆ ಬಸಂತರಾಯರು ಬಂದು ಬಾಗಿ ಒಂದು ಹಿಡಿ ತೆಗೆದುಕೊಂಡರು. ಕುಣಿಯ ಮೇಲೆ ಕೈ ಚಾಚುವಷ್ಟರಲ್ಲಿ ಮುದುಕಿ ಅವರ ಮುಂದೆ ಬಂದು ನಿಂತಳು.

"ಅಲ್ಲಿ ನನ್ನ ಮಗನಿಗೆ ಮಣ್ಣ ಕೊಟ್ಟೀರಿ?"

"ಕೊಟ್ಟೇನಿ."

"ಅಷ್ಟ ಸಾಕ್ರಿ," ಎಂದಳು. "ಇವಗ ಬ್ಯಾಡ್ರಿ."

ಅಷ್ಟು ದೂರದಿಂದ ಬಂದ ದೊಡ್ಡವರು ಎಂದು ಗುರಣ್ಣ ಏನೋ ಹೇಳಹೋದ. ಯಾರೂ ಅವನಿಗೆ ದನಿಗೂಡಿಸಲಿಲ್ಲ. ರಾಯರು ಚಾಚಿದ ಕೈಯನ್ನು ಮಣ್ಣಿನ ಸಮೇತ ಹಿಂದಕ್ಕೆ ತೆಗೆದುಕೊಂಡರು. ಸೋಮನಿಂಗ ಸಲಿಕೆ ಹಿಡಿದ. ಸ್ವಲ್ಪ ಹೊತ್ತಿಗೆ ಕುಣಿ ತುಂಬಿ ನೆಲಕ್ಕಿಂತ ಗೇಣು ಎತ್ತರವಾಯಿತು. ಜನ ಕೊಡದ ನೀರಿನಲ್ಲಿ ಕೈ ತೊಳೆದುಕೊಂಡು, ಹಿಂತಿರುಗಿ ನೋಡದೆ ಊರಿನ ದಾರಿ ಹಿಡಿದರು. ತಾಯಿ ಮಗಳು ಒಬ್ಬರ ಭುಜಕ್ಕೊಬ್ಬರು ಕೈ ಹಾಕಿಕೊಂಡು ಎಲ್ಲರಿಗಿಂತ ಹಿಂದೆ ನಡೆದರು.

ಎರಡು ಗಂಟೆಯ ಬಸ್ಸು ಹತ್ತುವಾಗ ರಾಯರು ಎಡಗೈಯಿಂದ ಕಂಬಿ ಹಿಡಿದರು. ಮೋದಿನಸಾಬ ಟಿಕೆಟು ಹರಿದು ಕೊಟ್ಟಾಗಲೂ ಎಡಗೈ ಚಾಚಿದರು. ಅವನು ಮುಚ್ಚಿದ ಬಲಗೈ ನೋಡಿ, ಪೆಟ್ಟಾಗೇತೇನ್ರಿ ಎಂದು ಕೇಳಿದ. ಇಲ್ಲವೆಂದರು. ಹಿಪ್ಪರಗಿಗೆ ಇನ್ನೂ ಒಂದು ಮೈಲಿ ಇರುವಾಗಲೇ, ತಮ್ಮ ಹೊಲದ ಹತ್ತಿರ ಬಸ್ಸು ನಿಲ್ಲಿಸಲು ಹೇಳಿ ಇಳಿದರು. ರಸ್ತೆಯ ಎರಡೂ ಬದಿಗೆ ಕಣ್ಣು ಹೋದಷ್ಟು ದೂರ ನೇಗಿಲು ಹೊಡೆದಿಟ್ಟ ಅದೇ ಕರಿನೆಲ. ಎಲ್ಲಿ ಹಾಕಿದರೂ ಮಣ್ಣಲ್ಲಿ ಮಣ್ಣಾಗುತ್ತಿತ್ತು, ಗುರುತೂ ಸಿಗುತ್ತಿರಲಿಲ್ಲ. ಬಸ್ಸು ಎಬ್ಬಿಸಿದ ಧೂಳು ಅಡಗಿತು. ರಾಯರು ಬಲಗೈ ಮುಷ್ಟಿಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು, ಒಮ್ಮೆ ಈ ಬದಿಯ ಹೊಲವನ್ನೂ ಒಮ್ಮೆ ಆ ಬದಿಯ ಹೊಲವನ್ನೂ ನೋಡುತ್ತ, ಬಿಸಿಲಲ್ಲಿ ನಿಂತೇ ಇದ್ದರು.